ಎಡಗಾಲು ನಲವತ್ತೊಂದು, ಬಲಗಾಲು ಮೂವತ್ತಾರು

ಎಂಬ್ರಿಕ್‌ನ ಸ್ಕೀಗಳನ್ನು ಕದಿಯುವ ಕಳ್ಳ ಹಾಲಿಂಗ್‌ದಾಲ್ ಕಣಿವೆಯಲ್ಲಿ ಹುಟ್ಟಿರಲಿಲ್ಲ. ಬೆಳಿಗ್ಗೆ ರೈಲು ನಿಲ್ದಾಣದ ಹೊರಗೋಡೆಗೆ ಅವನ್ನು ಒರಗಿಸಿ ಟಿಕೆಟ್ ಕಿಟಕಿಯ ಹಿಂದೆ ಹೋಗಿ ಕೂತನೆಂದರೆ ಸಂಜೆಯ ತನಕ ಅವುಗಳ ಯೋಚನೆಯೇ ಇಲ್ಲ. ಬೇರೆಯವರದು ಒಂದೆರಡು ಸಲ ಕಳುವಾಗಿದ್ದುಂಟು. ಇವನದನ್ನು ಹೊತ್ತುಕೊಂಡು ಹೋದವನು ಮಾಡುವುದಾದರೂ ಏನು? ಎಡ ಸ್ಕೀ ಹಲಗೆಯ ಮೇಲೆ ಬೂಟು ಸಿಕ್ಕಿಸುವ ಕೊಂಡಿ ಬೆಳೆದ ಗಂಡಸಿನ ಬೂಟಿಗೆ ಆಗುವಂಥದ್ದು. ಬಲ ಹಲಗೆಯ ಮೇಲಿನದು ಶಾಲೆಗೆ ಹೋಗುವ ಹುಡುಗಿಯ ಬೂಟಿನಷ್ಟು ಕಿರಿದು.

ಆಗಿನ ಕೊಂಡಿಗೆ ಜನ ಇಲಿಬೋನು ಅಂತಲೇ ಹೆಸರಿಟ್ಟಿದ್ದರು. ಅಕ್ಕಪಕ್ಕ ಎರಡು ತಗಡಿನ ಕಿವಿ, ನಡುವೆ ಮೇಲಕ್ಕೆ ಮೂತಿಯೆತ್ತಿದ ಮೂರು ಮೊಳೆ. ಬೂಟಿನ ಅಟ್ಟೆ ಮುಂದಕ್ಕೆ ತುಟಿಯ ಹಾಗೆ ಚಾಚಿರುತ್ತದೆ, ಅದರಲ್ಲಿ ಮೂರು ತೂತು. ತೂತನ್ನು ಮೊಳೆಗೆ ಕೂರಿಸಿ ಮೇಲಿನ ಸರಳು ಅದುಮಿದರೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಹಿಮ್ಮಡಿ ಮಾತ್ರ ಎತ್ತೆತ್ತಿ ಹಾಕಲು ಬಿಡುವಾಗಿರುತ್ತದೆ. ಕಿವಿಯ ಅಗಲಕ್ಕೂ ಬೂಟಿನ ಅಗಲಕ್ಕೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂದರೂ ಕೆಲಸ ಕೆಟ್ಟಿತು. ಕೊಂಡಿ ಕಿರಿದಾದರೆ ಬೂಟು ಒಳಗಿಳಿಯದು. ಅಗಲವಾದರೆ ಕಾಲು ಅಲ್ಲಾಡಿ ಅಲ್ಲಾಡಿ, ಮೊಳೆಗಳು ತೂತನ್ನು ಹರಿದುಹಾಕುತ್ತವೆ.

ಆ ಹಲಗೆಗಳ ಮರ್ಮ ಅರಿತ ಪಾದಗಳು ದೇಶದಲ್ಲಿ ಇನ್ನೊಂದು ಜೊತೆ ಇದ್ದವು. ಅವೂ ತಿರುವುಮುರುವು. ಎಡ ಸಣ್ಣದು, ಬಲ ದೊಡ್ಡದು. ಅವು ಉತ್ತರಕ್ಕೆ, ಓಪ್‌ದಾಲ್‌ನಲ್ಲಿದ್ದ ಓಡ್‌ಬ್ಯೋರ್ಗ್ ಎಂಬುವಳವು.

ಐವತ್ತೊಂದನೇ ಇಸವಿಯ ಆಗಸ್ಟಿನಲ್ಲಿ ಎಂಬ್ರಿಕ್‌ಗೆ ಏಳು ವರ್ಷ. ಗಿರಣಿ ಮಡುವಿನಲ್ಲಿ ಈಜಿ ಬಂದ ಸಂಜೆ ಜ್ವರ ಬಂತು. ಮೂರನೇ ದಿನ ಹಾಸಿಗೆಯಿಂದ ಇಳಿಯಲು ಹೋದರೆ ಕಾಲುಗಳೇ ಇಲ್ಲವೇನೋ ಎಂಬಂತೆ ನೆಲಕ್ಕೆ ಕುಸಿದ. ಆ ವರ್ಷ ಪೋಲಿಯೊ ಮನೆಮನೆ ಹೊಕ್ಕಿತ್ತು. ಸಮುದ್ರದ ಕಡೆಯ ಮಕ್ಕಳ ಆಸ್ಪತ್ರೆಗೆ ಕಳಿಸಿದರು, ಎರಡು ವರ್ಷ ಅಲ್ಲೇ ಇದ್ದ. ಎಡಗಾಲು ತಿರುಗಿ ಬಂತು. ಬಲಗಾಲು ಬಂದದ್ದು ಅರ್ಧ, ಅದೂ ಬೆಳೆಯಲು ಮರೆತಿತ್ತು.

ಅಲ್ಲಿದ್ದ ನರ್ಸ್ ಬೋರ್ಗ್‌ಹಿಲ್‌ಗೆ ಬಾಗಿಲ ಬಳಿಯ ಬೂಟುಗಳ ಸಾಲನ್ನು ನೋಡಿದರೆ ಸಂಕಟವಾಗುತ್ತಿತ್ತು. ಮಕ್ಕಳಿಗೆ ಹೊಸ ಬೂಟು ಬಂದರೆ ಜೋಡಿಯಲ್ಲಿ ಒಂದು ಕಾಲಿಗಾಗುತ್ತದೆ, ಇನ್ನೊಂದು ಮೂಲೆ ಸೇರುತ್ತದೆ. ಒಂದು ದಿನ ಆಕೆ ಎಂಬ್ರಿಕ್‌ನನ್ನೂ ಪಕ್ಕದ ವಾರ್ಡಿನ ಉದ್ದನೆಯ ಹುಡುಗಿಯನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದಳು.

"ಕಾಲು ಚಾಚ್ರೋ ಇಬ್ರೂ. ಹ್ಞಾಂ, ಹಾಗೆ." ನಾಲ್ಕು ಪಾದಗಳನ್ನೂ ಕೈಯಲ್ಲಿ ಅಳೆದಳು. "ನೋಡಿದ್ರಾ? ಎರಡು ಜೊತೆ ಸರಿಯಾಗೇ ಇವೆ. ಹಂಚೋವಾಗ ದೇವರಿಗೆ ಕೈ ತಪ್ಪಿದೆ, ಅಷ್ಟೇ."

ಆ ಹುಡುಗಿ ಎಂಬ್ರಿಕ್‌ನ ಕಡೆ ಓರೆಯಾಗಿ ನೋಡಿದಳು. "ಇವನ ಕಾಲು ನಾರುತ್ತೆ. ನನ್ನ ಬೂಟು ಇವನಿಗೆ ಕೊಡಲ್ಲ."

"ನಿನ್ನ ಬೂಟು ಯಾರಿಗೆ ಬೇಕೇ, ಕಂಬ!" ಅಂದ ಇವನು.

ಅಂದಿನಿಂದ ಶುರುವಾದದ್ದು ಮೂವತ್ತೈದು ವರ್ಷಕ್ಕೂ ಮೇಲೆ ನಡೆಯಿತು. ಇಬ್ಬರೂ ಬೆಳೆದರು. ಅವನು ಗಂಡಸರಲ್ಲಿ ಗಿಡ್ಡ, ಅವಳು ಹೆಂಗಸರಲ್ಲಿ ಎತ್ತರ. ಹಾಗಾಗಿ ದೊಡ್ಡ ಪಾದ ಇಬ್ಬರದೂ ನಲವತ್ತೊಂದಕ್ಕೆ ನಿಂತಿತು, ಸಣ್ಣದು ಮೂವತ್ತಾರಕ್ಕೆ. ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಅವನು ನಲವತ್ತೊಂದರ ಜೋಡಿ ಕೊಳ್ಳುತ್ತಿದ್ದ, ಎಡದ್ದನ್ನು ಇಟ್ಟುಕೊಂಡು ಬಲದ್ದನ್ನು ಅವಳಿಗೆ ಕಳಿಸುತ್ತಿದ್ದ. ಅವಳು ಮೂವತ್ತಾರರ ಜೋಡಿ ಕೊಂಡು ಎಡದ್ದನ್ನು ಇಟ್ಟುಕೊಂಡು ಬಲದ್ದನ್ನು ಇವನಿಗೆ ಕಳಿಸುತ್ತಿದ್ದಳು. ಪೊಟ್ಟಣ ರೈಲಿನಲ್ಲೇ ಬರುತ್ತಿತ್ತು. ಎಂಬ್ರಿಕ್ ತನ್ನ ಕಿಟಕಿಯಲ್ಲೇ ತನ್ನ ಹೆಸರಿನ ಚೀಟಿಗೆ ತಾನೇ ಸಹಿ ಹಾಕಿ ಬಿಡಿಸಿಕೊಳ್ಳುತ್ತಿದ್ದ. ಬೂಟಿನೊಳಗೆ ತುರುಕಿದ ಹಳೇ ಪೇಪರು, ಬೆರಳಿನ ಜಾಗದಲ್ಲಿ ಮಡಿಸಿಟ್ಟ ನಾಲ್ಕು ಸಾಲಿನ ಕಾಗದ. "ಈ ಸಲದ ಚರ್ಮ ಒರಟು. ಕೊಬ್ಬು ಜಾಸ್ತಿ ಹಚ್ಚು. ನಮ್ಮ ಹಸು ಅವಳಿ ಕರು ಹಾಕಿತು, ಒಂದು ಉಳೀತು. ಹುಷಾರು." ಇಷ್ಟೇ.

ಮಧ್ಯೆ ಒಂದೇ ಒಂದು ಸಲ ಇಬ್ಬರೂ ಭೇಟಿಯಾಗಿದ್ದರು, ಅರವತ್ತಾರರ ಈಸ್ಟರಿನಲ್ಲಿ, ಎತ್ತರದ ಬೆಟ್ಟದ ಮೇಲಿನ ತಂಗುಮನೆಯಲ್ಲಿ. ಎರಡು ದಿನ ಒಟ್ಟಿಗೆ ಸ್ಕೀ ಮಾಡಿದರು. ಬಿಸಿಲಿಗೆ ಮುಖ ಸುಟ್ಟುಕೊಂಡರು, ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿದು ತಿಂದರು. ಅವನ ಬಾಯಲ್ಲಿ ಒಂದು ಮಾತು ಎರಡು ದಿನವೂ ಸುಳಿದಾಡುತ್ತಿತ್ತು. ಬೀಳ್ಕೊಡುವ ಹೊತ್ತಿಗೆ ಬಾಯಿ ತೆರೆದವನು, ಇಳಿಜಾರಿಗೆ ಹಲಗೆಯ ತಳಕ್ಕೆ ಯಾವ ಮೇಣ ಹಚ್ಚಿದರೆ ಒಳ್ಳೆಯದು ಅಂತ ಕಾಲು ಗಂಟೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, "ಸರಿ ಹಾಗಾದ್ರೆ" ಅಂದು ಹೊರಟುಹೋದಳು. ಮರುವರ್ಷ ಕಲ್ಲುಗಣಿಯ ಆರ್ನ್ಟ್ ಎಂಬುವನನ್ನು ಮದುವೆಯಾದಳು. ಬೂಟು ಬರುವ ವರ್ಷಕ್ಕೆ ಬೂಟು ಬಂತು.

ಎಂಬ್ರಿಕ್ ಮದುವೆಯಾಗಲಿಲ್ಲ. ಅಕ್ಕ ಗುನ್‌ಹಿಲ್ ಗಂಡ ಸತ್ತ ಮೇಲೆ ಬಂದು ಅವನ ಜೊತೆಗೇ ಉಳಿದಳು. ನಾಲಿಗೆ ಚೂಪಿನ ಹೆಂಗಸು, ಆಲೂಗಡ್ಡೆ ಸುಲಿಯುವ ಚಾಕುವಿಗಿಂತ ಚೂಪು.

ಸ್ಕೀ ಅವನಿಗೆ ಬರೀ ಚಳಿಗಾಲದ ಆಟವಾಗಿರಲಿಲ್ಲ. ರಸ್ತೆಯಲ್ಲಿ ನಡೆದರೆ ಅವನು ಕುಂಟ. ಬಲಗಾಲಿಗೆ ಕಬ್ಬಿಣದ ಕಡ್ಡಿ ಕಟ್ಟಿಕೊಂಡು, ಊರುಗೋಲು ಊರಿಕೊಂಡು, ಹಿಮಗಟ್ಟಿದ ರಸ್ತೆ ದಾಟುವಷ್ಟರಲ್ಲಿ ಜನ ಅವನ ಕಾಲು ನೋಡಿ, ನೋಡಿದ್ದು ಗೊತ್ತಾಗಬಾರದೆಂದು ಕಣ್ಣು ತಿರುಗಿಸಿಕೊಳ್ಳುತ್ತಿದ್ದರು. ಸ್ಕೀ ಜಾಡಿನಲ್ಲಿ ಹಾಗಿಲ್ಲ. ಅಲ್ಲಿ ಎರಡು ಕೋಲನ್ನೂ ಒಟ್ಟಿಗೆ ಊರಿ ತೋಳಿನ ಬಲದಿಂದ ತಳ್ಳಿ, ಎಡಗಾಲಿನಿಂದ ಒದ್ದನೆಂದರೆ ಜಾರಿಕೊಂಡು ಹೋಗುತ್ತಿದ್ದ. ಬಲಗಾಲು ಕೆಲಸ ಮಾಡುತ್ತಿರಲಿಲ್ಲ, ಜೊತೆಗೆ ಬರುತ್ತಿತ್ತು ಅಷ್ಟೇ. ಅದಕ್ಕೆ ಬೂಟು ಗಟ್ಟಿಯಾಗಿ ಕೂತಿರಬೇಕು, ಹಲಗೆ ನೇರ ಓಡಬೇಕು. ಅಂಗಡಿಯಲ್ಲಿ ಸಿಕ್ಕರೆ ಮಾತಾಡದವರೂ ಜಾಡಿನಲ್ಲಿ ಎದುರಾದರೆ ನಿಂತು ನಗುತ್ತಿದ್ದರು. "ಹೇ ಎಂಬ್ರಿಕ್! ಜಾಡು ಹೆಂಗಿದೆ ಮೇಲೆ?" ಅವನು ಮೇಲಿನ ಜಾಡಿನ ಸುದ್ದಿ ಹೇಳುತ್ತಿದ್ದ. ನವೆಂಬರಿನಿಂದ ಏಪ್ರಿಲ್ ತನಕ ಅವನೂ ಒಬ್ಬ ಮನುಷ್ಯ. ಬೇಸಿಗೆ ಬಂದರೆ ಆ ಆರು ತಿಂಗಳನ್ನು ಕಣ್ಣುಮುಚ್ಚಿ ಕಳೆಯುತ್ತಿದ್ದ.

ಎಂಬತ್ತೇಳರ ಚಳಿಗಾಲದಲ್ಲಿ ಬಲ ಹಲಗೆ ದಾರಿ ತಪ್ಪತೊಡಗಿತು. ಜಾಡಿನಿಂದ ಹೊರಗೆ ಓಡುತ್ತಿತ್ತು, ಎಡದ್ದನ್ನು ತುಳಿಯುತ್ತಿತ್ತು. ಎಂಬ್ರಿಕ್ ಅದನ್ನು ಹೆಗಲಿಗೆ ಹಾಕಿಕೊಂಡು ಟ್ರೂಲ್ಸ್‌ನ ಅಂಗಡಿಗೆ ಬಂದ. ಟ್ರೂಲ್ಸ್ ಅಪ್ಪನ ಕಾಲದಿಂದ ಸ್ಕೀ, ಮೀನಿನ ಗಾಳ, ಹಾಲಿನ ಕ್ಯಾನು ಎಲ್ಲವನ್ನೂ ಒಂದೇ ಸೂರಿನಡಿ ಮಾರುತ್ತಿದ್ದವನು.

"ಕೊಂಡಿ ಒಂದು ಬೆರಳು ಮುಂದಕ್ಕಿದೆ. ಹಿಂದಕ್ಕೆ ಹಾಕು."

ಟ್ರೂಲ್ಸ್ ಕೊಂಡಿ ಬಿಚ್ಚಿ, ಹಳೇ ತೂತುಗಳಿಗೆ ಮರದ ಬೆಣೆ ಹೊಡೆದು, ಹಿಂದಕ್ಕೆ ಹೊಸ ತೂತು ಕೊರೆದು ಕೂರಿಸಿಕೊಟ್ಟ. ಹದಿನೈದು ದಿನಕ್ಕೆ ಎಂಬ್ರಿಕ್ ಮತ್ತೆ ಬಂದ. ಈಗ ಹಿಂದಕ್ಕಾಗಿದೆ, ಅರ್ಧ ಬೆರಳು ಮುಂದೆ ತಾ. ಆಮೇಲೆ ಸ್ವಲ್ಪ ಒಳಕ್ಕೆ ವಾಲಿಸು. ಆಮೇಲೆ ಕೆಳಗೊಂದು ತೆಳು ಚಕ್ಕೆ ಕೊಡು. ಎರಡು ಚಳಿಗಾಲದಲ್ಲಿ ಹಲಗೆಯ ನಡುವಿನಲ್ಲಿ ಬೆಣೆ ಹೊಡೆದ ತೂತುಗಳು ಹದಿನೆಂಟಾದವು.

"ಇದು ಸ್ಕೀನೋ ಜರಡಿನೋ ಮಾರಾಯಾ?" ಅಂದ ಟ್ರೂಲ್ಸ್. "ಇನ್ನೊಂದು ತೂತು ಹೊಡೆದ್ರೆ ನಿಮ್ಮಕ್ಕ ಇದರಲ್ಲಿ ಹಿಟ್ಟು ಜಾಲಿಸ್ಬೋದು."

"ನಿನಗೆ ಕೊರೆಯೋಕೆ ಬರಲ್ಲ ಅದಕ್ಕೇ ಹದಿನೆಂಟಾಗಿರೋದು. ನಿಮ್ಮಪ್ಪ ಆಗಿದ್ರೆ ಒಂದೇ ಏಟಿಗೆ."

"ನಮ್ಮಪ್ಪ ಆಗಿದ್ರೆ ನಿನ್ನ ಕಾಲಿಗೇ ಮೊಳೆ ಹೊಡೀತಿದ್ದ."

ಇಬ್ಬರೂ ನಕ್ಕರು. ನಮ್ಮ ಕಣಿವೆಯ ರೀತಿಯೇ ಹಾಗೆ. ಇಲ್ಲಿ ಯಾರೂ 'ನನ್ನ ಕೈಲಾಗಲಿಲ್ಲ' ಅನ್ನುವುದಿಲ್ಲ. ಹಿಂದೆ ಬಿದ್ದರೆ ಮೇಣ ಸರಿಯಿರಲಿಲ್ಲ, ಬಿದ್ದರೆ ಕೊಂಡಿ ಸಡಿಲ, ಅರ್ಧ ದಾರಿಗೇ ವಾಪಸ್ಸಾದರೆ ಹಿಮ ಹೊಸದು. ಎಂಬತ್ತು ದಾಟಿದ ಮುದುಕನೂ ಮೇಣದ ಡಬ್ಬಿಯನ್ನೇ ಬೈಯುತ್ತಾನೆ, ಮೊಣಕಾಲನ್ನಲ್ಲ. ಕೇಳುವವರಿಗೂ ನಿಜ ಗೊತ್ತಿರುತ್ತದೆ, ಆದರೂ ತಲೆಯಾಡಿಸಿ, ಬೇರೆ ಬಣ್ಣದ ಮೇಣ ಹಚ್ಚಿ ನೋಡು ಅನ್ನುತ್ತಾರೆ. ಇದು ಮರ್ಯಾದೆ. ಈ ಮರ್ಯಾದೆಯ ಮರೆಯಲ್ಲಿ ಎಂಬ್ರಿಕ್ ಮೂರು ಚಳಿಗಾಲ ನಿಶ್ಚಿಂತೆಯಾಗಿದ್ದ. ತಾನು ಬಲ ಹಲಗೆಯ ಕೊಂಡಿ ಸರಿಮಾಡಿಸುತ್ತಿದ್ದೇನೆ ಅಂತಲೇ ನಂಬಿದ್ದ.

ನಂಬದವಳು ಒಬ್ಬಳೇ, ಗುನ್‌ಹಿಲ್.

"ಮೆಟ್ಟಿಲು ಹತ್ತೋವಾಗ ಪಕ್ಕದ ಕಂಬಿ ಹಿಡ್ಕೊಂಡು ಮೈಯೆಲ್ಲಾ ಎಳ್ಕೋತೀಯಲ್ಲಾ, ಮೆಟ್ಟಿಲಿಗೂ ಕೊಂಡಿ ಇದೆಯೇನೋ?"

"ಬಾಯಿ ಮುಚ್ಚು ಗುನ್‌ಹಿಲ್. ನಿಲ್ದಾಣದಲ್ಲಿ ಇಡೀ ದಿನ ಕೂತ್ರೆ ಯಾರಿಗಾದ್ರೂ ಕಾಲು ಹಿಡ್ಕೊಳ್ಳುತ್ತೆ."

"ಯಾವ ಕಾಲು?"

ಅವನು ಕಾಫಿ ಬಟ್ಟಲು ಹಿಡಿದು ಕಿಟಕಿಯತ್ತ ತಿರುಗಿ ಕೂತ.

ಎಂಬತ್ತೊಂಬತ್ತರ ಏಪ್ರಿಲಿನಲ್ಲಿ, ಹಿಮ ಕರಗುವ ವಾರ, ಬಲ ಬೂಟಿನ ಮೂರೂ ತೂತುಗಳು ಹರಿದು ಒಂದೇ ಸೀಳಾದವು. ಎಂಬ್ರಿಕ್‌ಗೆ ಒಂಥರಾ ಸಮಾಧಾನವೇ ಆಯಿತು. ಇದಪ್ಪಾ ಕಾರಣ! ತೂತು ಹರಿದ ಬೂಟು ಹಲಗೆಯನ್ನು ನೇರ ಓಡಿಸೀತು ಹೇಗೆ? ಮೂರು ವರ್ಷದಿಂದ ಒಳಗೊಳಗೇ ಸಡಿಲಾಗುತ್ತಿತ್ತು, ಕಣ್ಣಿಗೆ ಕಾಣಲಿಲ್ಲ. ಹೇಗೂ ಈ ಸೆಪ್ಟೆಂಬರು ಬೂಟಿನ ವರ್ಷ. ಹೊಸದು ಬಂದರೆ ಎಲ್ಲ ಸರಿಹೋಗುತ್ತದೆ.

ಸೆಪ್ಟೆಂಬರಿನಲ್ಲಿ ಟ್ರೂಲ್ಸ್ ಅಟ್ಟದ ಮೇಲಿಂದ ಇಲಿಬೋನಿನ ಬೂಟು ನಲವತ್ತೊಂದರದು ಒಂದು ಜೋಡಿ ಹುಡುಕಿ ತಂದ. ಅದೇ ಕೊನೆಯದು. ಅಂಗಡಿಯ ಗೋಡೆ ತುಂಬ ಆಗಲೇ ಬೇರೆ ಥರದ ಬೂಟುಗಳು ತೂಗುತ್ತಿದ್ದವು, ಬಣ್ಣಬಣ್ಣದವು, ಚಪ್ಪಲಿಯಷ್ಟು ಹಗುರ, ಬೆರಳ ತುದಿಯಲ್ಲಿ ಒಂದು ಅಡ್ಡಕಡ್ಡಿ.

"ಇನ್ಮೇಲೆ ಇದೇ ಕಣೋ. ಅದರಲ್ಲೂ ಎರಡು ಜಾತಿ. ಒಂದರ ತಳದಲ್ಲಿ ಒಂದು ಗೀರು, ಇನ್ನೊಂದಕ್ಕೆ ಎರಡು. ಇದರ ಬೂಟು ಅದರ ಕೊಂಡಿಗೆ ಕೂರಲ್ಲ, ಅದರದ್ದು ಇದಕ್ಕೆ ಆಗಲ್ಲ. ಗಂಡ ಒಂದು ಜಾತಿ ಕೊಂಡಿರ್ತಾನೆ, ಹೆಂಡತಿ ಬೂಟು ಚಂದ ಇದೆ ಅಂತ ಇನ್ನೊಂದು ಜಾತಿ ತರ್ತಾಳೆ. ಈಸ್ಟರಿನ ಹಿಂದಿನ ದಿನ ನನ್ನ ಅಂಗಡೀಲಿ ಕುಸ್ತಿ."

ಎಂಬ್ರಿಕ್ ಎಡ ಬೂಟನ್ನು ಇಟ್ಟುಕೊಂಡು ಬಲದ್ದನ್ನು ಪೇಪರು ತುರುಕಿ ಕಟ್ಟಿ ಓಪ್‌ದಾಲ್‌ಗೆ ಕಳಿಸಿದ. ಅವಳದು ಬರಲಿಲ್ಲ. ಅಕ್ಟೋಬರ್ ಹೋಯಿತು. ನವೆಂಬರಿನ ಎರಡನೇ ವಾರ ಹಿಮ ಬಿತ್ತು. ಪ್ರತಿ ರೈಲಿಗೂ ಎಂಬ್ರಿಕ್ ಗಾಡಿಯಲ್ಲಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದ. ಎಂದೂ ತಪ್ಪದವಳು, ಯಾಕೆ ಕಳಿಸಲಿಲ್ಲ? ಕಾಗದ ಬರೆಯೋಣವೆಂದರೆ, ಕೊಡು ಅಂತ ಕೇಳಿ ತೆಗೆದುಕೊಂಡು ಅಭ್ಯಾಸವಿಲ್ಲ. ಡಿಸೆಂಬರ್ ಕೊನೆಗೆ ಅಂತೂ ಎರಡು ಸಾಲು ಬರೆದ. "ನನ್ನದು ತಲುಪಿತೇ? ನಿನ್ನದು ದಾರಿಯಲ್ಲಿ ಎಲ್ಲಾದರೂ ಸಿಕ್ಕಿಕೊಂಡಿರಬಹುದು."

ಅಷ್ಟರಲ್ಲಿ ಟ್ರೂಲ್ಸ್‌ಗೆ ತಡೆಯಲಾಗದೆ, ಹಳೇ ಹಲಗೆಯೊಂದಕ್ಕೆ ಹೊಸ ಥರದ ಕೊಂಡಿ ಹಾಕಿ, ಮೂವತ್ತಾರರ ಹೊಸ ಬೂಟು ತೊಡಿಸಿ ಅಂಗಡಿಯ ಹಿಂದಿನ ಬಯಲಿಗೆ ಕರೆದುಕೊಂಡು ಹೋದ. ಎಡಗಾಲಿಗೆ ಹಳೆಯದು, ಬಲಗಾಲಿಗೆ ಹೊಸದು. ಎಂಬ್ರಿಕ್ ನಾಲ್ಕು ಹೆಜ್ಜೆ ಹಾಕಿದ. ಹೊಸ ಕೊಂಡಿ ಬೂಟನ್ನು ಬೆರಳ ತುದಿಯಲ್ಲಷ್ಟೇ ಹಿಡಿಯುತ್ತದೆ, ಆರೋಗ್ಯದ ಕಾಲಿಗೆ ಅದು ಸುಖ. ಜೋತುಬಿದ್ದ ಪಾದಕ್ಕೆ ಅದು ಆಗದು. ಕಾಲೆಳೆದಾಗಲೆಲ್ಲ ಹಲಗೆಯ ಮೂತಿ ಕೆಳಗೆ ಬಿದ್ದು ಹಿಮಕ್ಕೆ ಚುಚ್ಚಿಕೊಂಡಿತು.

"ಬಿಡು," ಅಂದ ಟ್ರೂಲ್ಸ್. ಎಂದೂ ಇಲ್ಲದ ಮೆತ್ತನೆಯ ದನಿ.

"ಬಿಡೋದೇನು? ನಾನು ಮೊದಲೇ ಹೇಳಿದ್ನಲ್ಲ, ಈ ಆಟಿಕೆಗಳು ಬೇಡ ಅಂತ. ಅವಳದು ಬರ್ಲಿ, ಆಮೇಲೆ ನೋಡು."

ಫೆಬ್ರವರಿ ಕೊನೆಯಲ್ಲಿ ಪೊಟ್ಟಣ ಬಂತು. ಟಿಕೆಟ್ ಕಿಟಕಿಯನ್ನು ಅರ್ಧ ಮುಚ್ಚಿ ಬಿಚ್ಚಿದ. ಬಲಗಾಲಿನದು, ಮೂವತ್ತಾರು, ಕಂದು ಚರ್ಮ, ದಪ್ಪ ಅಟ್ಟೆ, ಮೂರು ತೂತಿಗೂ ಹಿತ್ತಾಳೆಯ ಬಳೆ. ಎಂಬ್ರಿಕ್ ಮೂಗಿನ ಹತ್ತಿರ ಹಿಡಿದು ಹೊಸ ಚರ್ಮದ ವಾಸನೆ ಎಳೆದುಕೊಂಡ. ಈ ಸಲ ಕಾಗದ ನಾಲ್ಕು ಸಾಲಿನದಲ್ಲ, ಎರಡು ಹಾಳೆ.

ಮೊದಲ ಹಾಳೆಯಲ್ಲಿ ಹೀಗಿತ್ತು. "ಈ ಜೋಡಿಯನ್ನು ಎರಡು ವರ್ಷದ ಹಿಂದೆಯೇ ತೆಗೆದಿಟ್ಟಿದ್ದೆ. ಹಳೇ ಥರದ್ದು ಇನ್ನು ಬರಲ್ಲ ಅಂತ ಅಂಗಡಿಯವರು ಹೇಳಿದ್ದರು. ಸೆಪ್ಟೆಂಬರಿನಲ್ಲೇ ಕಳಿಸಬೇಕಿತ್ತು. ಬೂಟು ಕಳಿಸಿ ವಿಷಯ ಮುಚ್ಚಿಡೋಕೆ ಮನಸ್ಸು ಬರಲಿಲ್ಲ, ವಿಷಯ ಹೇಳೋಕೆ ಕೈ ಬರಲಿಲ್ಲ. ಇದರ ಎಡದ್ದು ನನ್ನ ಹತ್ತಿರ ಹಾಗೇ ಇದೆ, ತೊಟ್ಟೇ ಇಲ್ಲ."

ಎರಡನೆಯ ಹಾಳೆಯಲ್ಲಿ ವಿಷಯ. ಬೇಸಿಗೆಯಿಂದ ಅವಳು ಗಾಲಿಕುರ್ಚಿಯಲ್ಲಿದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದವರಿಗೆ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಹಳೇ ಕಾಯಿಲೆ ಮತ್ತೆ ತಲೆಯೆತ್ತುತ್ತದಂತೆ, ಡಾಕ್ಟರು ಹೇಳಿದರು. ಅದಕ್ಕೆ ಮದ್ದಿಲ್ಲವಂತೆ. "ನಾನು ಸಣ್ಣ ಕಾಲಿನ ಮೇಲೇ ಕಣ್ಣಿಟ್ಟಿದ್ದೆ ಎಂಬ್ರಿಕ್. ಮೊದಲು ಹೋಗಿದ್ದು ಒಳ್ಳೇ ಕಾಲು. ಇಷ್ಟು ವರ್ಷ ಎರಡರ ಭಾರ ಅದೊಂದೇ ಹೊತ್ತಿತ್ತಲ್ಲ. ನಿನಗೆ ಹೇಗಿದೆ? ಬರಿ."

ಮೊದಲ ಹಾಳೆಯನ್ನು ಗುನ್‌ಹಿಲ್‌ಗೆ ಓದಿ ಹೇಳಿದ. ಎರಡನೆಯದನ್ನು ನಿಲ್ದಾಣದ ಮೇಜಿನ ಡ್ರಾಯರಿನಲ್ಲಿ ಹಳೇ ವೇಳಾಪಟ್ಟಿಗಳ ಅಡಿಗೆ ತುರುಕಿ ಬೀಗ ಹಾಕಿದ. ಪಾಪ ಓಡ್‌ಬ್ಯೋರ್ಗ್, ಅಂದುಕೊಂಡ. ಅವಳ ಮೈಕಟ್ಟೇ ಬೇರೆ, ಎತ್ತರದವಳು, ಹೆತ್ತವಳು, ಹಸು ಕಟ್ಟಿ ದುಡಿದವಳು. ಅವಳಿಗೆ ಬಂದದ್ದು ಅವಳಿಗೆ. ತನ್ನದು ತೂತು ಹರಿದ ಬೂಟು.

ಬರಿ ಅಂದಿದ್ದಳು. ಬರೆಯಲಿಲ್ಲ.

ಟ್ರೂಲ್ಸ್ ಆ ಸಲ ಎಂದೂ ಇಲ್ಲದಷ್ಟು ನಿಧಾನವಾಗಿ ಕೆಲಸ ಮಾಡಿದ. ತೂತುಬಿದ್ದ ಹಲಗೆಯನ್ನು ಬದಿಗಿಟ್ಟು, ಒಳಮನೆಯಿಂದ ತನ್ನ ಅಪ್ಪನ ಕಾಲದ ಒಂದು ಜೊತೆ ಮರದ ಸ್ಕೀ ತಂದ. ಅವುಗಳ ತಳಕ್ಕೆ ಪೈನ್ ಮರದ ಟಾರು ಕಾಯಿಸಿ ಹೊಸದಾಗಿ ಹೀರಿಸಿದ್ದ, ಅಂಗಡಿಯೆಲ್ಲ ಘಮ್ಮೆನ್ನುತ್ತಿತ್ತು. ಎಡಕ್ಕೆ ಎಪ್ಪತ್ತೈದು ಮಿಲಿಮೀಟರ್ ಅಗಲದ ಕೊಂಡಿ, ಬಲಕ್ಕೆ ಎಪ್ಪತ್ತೊಂದರದ್ದು. ನಡುಗೆರೆ ಹಿಡಿದು, ದಾರ ಎಳೆದು, ಮೂರು ಸಲ ಅಳೆದು ಕೊರೆದ. ಎಂಬ್ರಿಕ್ ಸ್ಟೂಲಿನ ಮೇಲೆ ಕೂತು ಬೂಟಿನ ತುಟಿಯನ್ನು ಕಿವಿಗಳ ನಡುವೆ ಇಳಿಸಿದ. ತೂತು ಮೊಳೆಯನ್ನು ತಾನೇ ಹುಡುಕಿಕೊಂಡಿತು. ಸರಳು ಅದುಮಿದ. ಟಕ್.

ಅತ್ತಿತ್ತ ಅಲ್ಲಾಡಿಸಿ ನೋಡಿದ. ಹಲಗೆ ಪಾದದ ಜೊತೆಗೇ ತಿರುಗಿತು. ಕೂದಲೆಳೆ ಸಂದಿಲ್ಲ.

"ಹೆಂಗಿದೆ?" ಅಂದ ಟ್ರೂಲ್ಸ್.

"ನಿಮ್ಮಪ್ಪ ಬಂದು ಹಾಕಿದ ಹಾಗಿದೆ."

ಟ್ರೂಲ್ಸ್ ಮುಖ ಊರಗಲ ಆಯಿತು.

ಮಾರ್ಚಿನ ಎರಡನೇ ಭಾನುವಾರ. ರಾತ್ರಿಯೆಲ್ಲ ಚಳಿ ಕೊರೆದು, ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ. ಅಂಥ ಭಾನುವಾರ ನಮ್ಮಲ್ಲಿ ಮನೆಯೊಳಗೆ ಕೂರುವುದು ತಪ್ಪು ಮಾಡಿದ ಹಾಗೆ. ಹಸುಗೂಸನ್ನೂ ಹಿಮಬಂಡಿಯಲ್ಲಿ ಹಾಕಿ ಎಳೆದುಕೊಂಡು ಹೋಗುತ್ತಾರೆ. ಹತ್ತು ಗಂಟೆಗೆ ಊರಿಗೂರೇ ಜಾಡಿನ ಮೇಲಿರುತ್ತದೆ, ಮನೆಗಳೆಲ್ಲ ಬಿಕೋ ಅನ್ನುತ್ತವೆ. ಎಂಬ್ರಿಕ್ ಕಂದು ಚೀಸಿನ ಬ್ರೆಡ್ಡು ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಟ.

"ಎಲ್ಲೀವರ್ಗೆ?" ಅಂದಳು ಗುನ್‌ಹಿಲ್.

"ಮೇಲಿನ ಕೆರೇವರ್ಗೂ."

"ಸಾಮಿಲ್ಲಿನವರ್ಗೂ ಹೋಗಿ ಬಾ, ಸಾಕು."

"ಸಾಮಿಲ್ಲಿಗೆ ಹೋಗೋಕೆ ಸ್ಕೀ ಯಾಕೆ?"

ಮೊದಲ ಅರ್ಧ ಕಿಲೋಮೀಟರು ಸಮತಟ್ಟು, ನದಿಯ ಪಕ್ಕ. ಬಲ ಹಲಗೆ ಗೆರೆ ಎಳೆದ ಹಾಗೆ ಓಡಿತು. ಒಂದು ಸಲವೂ ಜಾಡು ಬಿಡಲಿಲ್ಲ, ಒಂದು ಸಲವೂ ಎಡದ್ದನ್ನು ತುಳಿಯಲಿಲ್ಲ. ಎಂಬ್ರಿಕ್ ಕೋಲು ಊರಿ ತಳ್ಳಿ, ಬಗ್ಗಿ ತನ್ನ ಬಲ ಪಾದವನ್ನೇ ನೋಡುತ್ತ ಜಾರಿದ. ಎದೆ ಉಬ್ಬಿತು. ಎದುರು ಬಂದವರಿಗೆಲ್ಲ ತಾನೇ ಮೊದಲು ಕೂಗಿ "ಹೇ!" ಅಂದ. ಮೂರು ವರ್ಷ ಕೊಂಡಿಯದೇ ತಪ್ಪಾಗಿತ್ತು, ನೋಡಿ!

ಸಾಮಿಲ್ಲಿನ ಹತ್ತಿರ ಜಾಡು ಮೇಲೇರುತ್ತದೆ. ದೊಡ್ಡ ಏರೇನಲ್ಲ, ಶಿಶುವಿಹಾರದ ಮಕ್ಕಳು ಹತ್ತಿ ಇಳಿದು ಆಡುವಷ್ಟು. ಎಂಬ್ರಿಕ್ ಎಡಗಾಲು ಊರಿ ಒದ್ದ. ಹಲಗೆ ಹಿಂದಕ್ಕೆ ಜಾರಿತು. ಮತ್ತೆ ಒದ್ದ. ಒದ್ದೆ ಅಂತ ತಲೆ ಅಂದುಕೊಂಡಿತು, ಕಾಲಿನಲ್ಲಿ ಒದೆತ ಇರಲಿಲ್ಲ. ತೊಡೆ ನಡುಗಿ ಹತ್ತಿಯ ಹಾಗಾಯಿತು. ಮೂರನೇ ಸಲ ಕೋಲಿನ ಮೇಲೆ ಮೈಭಾರ ಹಾಕಿ ಏರಲು ಹೋದ, ತೋಳೂ ನಡುಗಿತು, ಎಡ ಮೊಣಕಾಲು ಸದ್ದಿಲ್ಲದೆ ಮಡಚಿಕೊಂಡಿತು. ಪಕ್ಕಕ್ಕೆ ಕೂತ ಹಾಗೆ ಬಿದ್ದ. ಬಲ ಬೂಟು ಕೊಂಡಿಯಲ್ಲಿ ಹಾಗೇ ಗಟ್ಟಿಯಾಗಿ ನಿಂತಿತ್ತು.

ಮೇಲಿಂದ ಇಳಿದು ಬರುತ್ತಿದ್ದ ಶಾಲೆಯ ಮೇಡಂ ಸಿಗ್ನಿ ಪಕ್ಕದಲ್ಲೇ ನಿಂತಳು.

"ಏನಾಯ್ತು ಎಂಬ್ರಿಕ್? ಹಿಡೀತಾ ಇಲ್ವಾ?"

"ಹಿಂದಕ್ಕೆ ಜಾರ್ತಿದೆ."

"ಮೇಣ ಕಣೋ. ಬೆಳಿಗ್ಗೆ ನೀಲಿ ಹಚ್ಚಿದ್ಯೇನೋ, ಬಿಸಿಲಿಗೆ ಆಗಲೇ ಹಿಮ ತೇವ ಆಗಿದೆ. ತಗೋ, ನನ್ನ ಹತ್ರ ನೇರಳೆ ಇದೆ." ಜೇಬಿನಿಂದ ಡಬ್ಬಿ ತೆಗೆದು ಅವನ ಕೈಗಿಟ್ಟಳು. ಅವಳ ಮಾತು ಮೇಣದ ಮೇಲಿತ್ತು, ಕಣ್ಣು ಅವನ ಮುಖದ ಮೇಲಿತ್ತು. "ಏಳೋಕೆ ಕೈ ಕೊಡ್ಲಾ?"

"ಬೇಡ ಬೇಡ. ಮೇಣ ಹಚ್ಕೊಂಡು ಬರ್ತೀನಿ. ನೀನು ಹೋಗು."

ಅವಳು ಹೋದಳು. ಎಂಬ್ರಿಕ್ ಎಡ ಹಲಗೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ನೇರಳೆ ಮೇಣ ತಿಕ್ಕತೊಡಗಿದ. ಒಬ್ಬೊಬ್ಬರೇ ದಾಟಿ ಹೋದರು. "ಮೇಣವಾ?" ಅಂದರು. "ಮೇಣ," ಅಂದ. ಮಕ್ಕಳೂ ದಾಟಿ ಹೋದರು. ಹಲಗೆಯ ತಳದಲ್ಲಿ ಮೇಣ ಗೇಣುದ್ದ ದಪ್ಪಗಟ್ಟಿ ಉಂಡೆಯಾಯಿತು, ಕೈ ನಿಲ್ಲಲಿಲ್ಲ. ಕೈ ನಿಂತರೆ ಏಳಬೇಕಲ್ಲ. ಏಳಲಾಗದು ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು. ಡ್ರಾಯರಿನಲ್ಲಿ ಬೀಗ ಹಾಕಿಟ್ಟ ಹಾಳೆ ಕಣ್ಣೆದುರು ಬಿಚ್ಚಿಕೊಂಡಿತ್ತು.

ಗುನ್‌ಹಿಲ್ ಮನೆಯ ಕಾಲ್ದೂಡು ಬಂಡಿಯನ್ನು, ಅಂದರೆ ಉಕ್ಕಿನ ಪಟ್ಟಿಗಳ ಮೇಲೆ ಜಾರುವ ಕುರ್ಚಿಯನ್ನು, ರಸ್ತೆಯ ಮೇಲೆ ಒದ್ದುಕೊಂಡು ಬಂದಳು. ಸಿಗ್ನಿ ಹೋಗಿ ಹೇಳಿದಳೋ, ಇವಳೇ ಹಿಂದೆ ಹೊರಟಿದ್ದಳೋ, ಅವನು ಕೇಳಲಿಲ್ಲ. ಬೈಗುಳ ಬರುತ್ತದೆ ಅಂತ ಕಾದ. ಅವಳು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಬಂಡಿಯ ಆಸನದಲ್ಲಿ ಕೂರಿಸಿ, ಸ್ಕೀಗಳನ್ನು ಅವನ ತೊಡೆಯ ಮೇಲಿಟ್ಟು, ಹಿಂದೆ ನಿಂತು ಒದ್ದುಕೊಂಡು ಮನೆಗೆ ತಂದಳು. ಅರವತ್ತು ಹತ್ತಿರವಾದ ಹೆಂಗಸು, ಉಬ್ಬಸ ಬರುತ್ತಿತ್ತು. ಅವಳು ಬೈದಿದ್ದರೆ ಚೆನ್ನಾಗಿತ್ತು ಅಂತ ದಾರಿಯುದ್ದಕ್ಕೂ ಅಂದುಕೊಂಡ.

ಬೂಟು ಬಿಚ್ಚಿದವನೇ ಹಜಾರದ ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡ. ಅವಳ ನಂಬರನ್ನು ವರ್ಷಗಳಿಂದ ಬರೆದಿಟ್ಟುಕೊಂಡಿದ್ದ, ಒಮ್ಮೆಯೂ ತಿರುಗಿಸಿರಲಿಲ್ಲ. ಎರಡನೇ ರಿಂಗಿಗೇ ಎತ್ತಿದಳು.

"ಓಡ್‌ಬ್ಯೋರ್ಗ್? ಎಂಬ್ರಿಕ್ ಮಾತಾಡೋದು."

"ಭಾನುವಾರ ಹನ್ನೆರಡೂವರೆಗೆ ಮನೇಲಿದೀಯಾ?" ಅಂದಳು. "ನಿಮ್ಮ ಕಡೆ ಮೋಡವಾ?"

"ಇಲ್ಲ. ಒಳ್ಳೇ ಬಿಸಿಲು."

"ಓ," ಅಂದಳು. ಆಮೇಲೆ, "ಬೂಟು ಸರಿಹೋಯ್ತಾ?"

"ಸರಿಹೋಯ್ತು. ಟ್ರೂಲ್ಸ್ ಕೂರಿಸಿದ್ದು. ಹಲಗೆ ನೇರ ಓಡ್ತು. ಬೂಟಿಂದೇನೂ ತಪ್ಪಿಲ್ಲ."

"ಎಡಗಾಲಾ?"

"ಹ್ಞೂಂ."

"ಎಷ್ಟು ದಿನದಿಂದ?"

"ಮೂರು ವರ್ಷ ಆಯ್ತೇನೋ."

"ನನಗೆ ನಾಲ್ಕು. ನಾನೂ ಕೊಂಡಿ ಬದಲಾಯಿಸ್ತಿದ್ದೆ." ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ನೀನು ಕಳಿಸಿದ ಬೂಟು ಕುರ್ಚೀಲಿ ಕೂತಾಗ ತೊಟ್ಕೋತೀನಿ. ಬೆಚ್ಚಗಿರುತ್ತೆ. ಆರ್ನ್ಟ್ ನಗ್ತಾನೆ, ನಗ್ಲಿ."

ಎಂಬ್ರಿಕ್ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಕೇಳಿಲ್ಲಿ," ಅಂದಳು. "ಪೆನ್ನಿದೆಯಾ? ಕುರ್ಚಿಗೆ ಈಗಲೇ ಅರ್ಜಿ ಹಾಕು. ಡಾಕ್ಟರ ಹತ್ರ ಚೀಟಿ ಬರೆಸ್ಕೋ, ಎರಡು ಕಾಲಿಗೂ ಸೇರಿಸಿ ಬರೀಲಿ, ಬರೀ ಬಲಗಾಲು ಅಂತ ಬರೆದ್ರೆ ವಾಪಸ್ ಕಳಿಸ್ತಾರೆ. ನನಗೆ ಹಾಗೇ ಮಾಡಿದ್ರು. ಆರು ತಿಂಗಳು ಹಿಡಿಯುತ್ತೆ. ಇನ್ನೂ ನಡೀತೀನಿ ಅಂತ ಕಾಯ್ಬೇಡ."

"ಇನ್ನೂ ನಡೀತೀನಲ್ಲ."

"ಗೊತ್ತು. ಅರ್ಜಿ ಹಾಕು."

ಗುನ್‌ಹಿಲ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಕೈ ಒರೆಸಿಕೊಳ್ಳುತ್ತ. ಎಂಬ್ರಿಕ್ ಅವಳತ್ತ ಕೈ ಚಾಚಿ, ಬರೆಯುವುದಕ್ಕೆ ಏನಾದರೂ ಕೊಡು ಅಂತ ಸನ್ನೆ ಮಾಡಿದ. ಅವಳು ಅಂಗಡಿ ಚೀಟಿಯ ಹಿಂಬದಿಯನ್ನೂ ಪೆನ್ಸಿಲ್ಲನ್ನೂ ಕೊಟ್ಟಳು.

"ಹೇಳು," ಅಂದ ಫೋನಿಗೆ. ಓಡ್‌ಬ್ಯೋರ್ಗ್ ಕಚೇರಿಯ ವಿಳಾಸ ಹೇಳಿದಳು, ಅವನು ಒಂದೊಂದೇ ಅಕ್ಷರ ಬರೆದುಕೊಂಡ. ಕುರ್ಚಿಯ ಅಳತೆಗೆ ಸೊಂಟದ ಅಗಲ ಕೇಳುತ್ತಾರೆ ಅಂದಳು. ಅದನ್ನೂ ಬರೆದುಕೊಂಡ.